ಬೀಗದ ಕೈ ಯಾರ ಹತ್ತಿರ ಇದೆ? ಅನಾಹುತದ ಹೊತ್ತಿನಲ್ಲಿ ಲೈಬ್ರರಿಯವರು ಮಾಡಬಹುದಾದ ಕೆಲಸ

ರಾತ್ರಿ ಹನ್ನೊಂದೂವರೆಗೆ ಫೋನ್ ಬಂತು. ನಮ್ಮ ವಾಚ್‌ಮನ್ ತಾತ. "ಮೇಡಮ್, ಮೋರಿ ನೀರು ಒಳಗೆ ನುಗ್ತಾ ಇದೆ. ಬೀಗದ ಕೈ ಯಾರ ಹತ್ರ ಇದೆ?"

ಒಂದು ನನ್ನ ಹತ್ತಿರ ಇತ್ತು, ನಾನಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ. ಇನ್ನೊಂದು ಅಟೆಂಡರ್ ಹತ್ತಿರ, ಅವರು ಮದುವೆಗೆ ಅಂತ ತುಮಕೂರಿಗೆ ಹೋಗಿದ್ದರು. ಮೂರನೆಯದು ಆಫೀಸಿನ ಬೀರುವಿನಲ್ಲಿ, ಆ ಬೀರು ಇದ್ದದ್ದು ನೀರು ನುಗ್ಗಿದ ಕೋಣೆಯಲ್ಲೇ. ಹಾಗಂತ ನಮ್ಮಲ್ಲಿ ಯೋಜನೆ ಇರಲಿಲ್ಲ ಅಂತಲ್ಲ. ಇತ್ತು. 40 ಪುಟದ್ದು, ಇಂಗ್ಲಿಷಿನಲ್ಲಿ, ಸ್ಪೈರಲ್ ಬೈಂಡ್ ಮಾಡಿಸಿದ್ದು, ಯಾವುದೋ ತಪಾಸಣೆಗೆ ತೋರಿಸಲಿಕ್ಕೆ ಅಂತ ತಯಾರು ಮಾಡಿದ್ದು. ಅದೂ ಅದೇ ಬೀರುವಿನ ಕೆಳಗಿನ ಖಾನೆಯಲ್ಲಿತ್ತು. ಬೆಳಿಗ್ಗೆ ಬೇರೆ ಪುಸ್ತಕಗಳ ಜೊತೆ ಅದನ್ನೂ ಫ್ಯಾನ್ ಕೆಳಗೆ ಒಣಗಲು ಇಟ್ಟೆವು.

ಆಮೇಲೆ ಓದಿ, ಕೇಳಿ, ಎಡವಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನೀವು ವಾರ್ಡ್ ಲೈಬ್ರರಿ ನೋಡಿಕೊಳ್ಳುತ್ತಿರಲಿ, ಕಾಲೇಜಿನದಿರಲಿ, ಅಪಾರ್ಟ್‌ಮೆಂಟಿನ ಪುಟ್ಟ ಓದುವ ಕೋಣೆ ಇರಲಿ, ಬಹಳಷ್ಟು ನಿಮಗೂ ಹೊಂದುತ್ತದೆ. ಅನಾಹುತ ಅಂದ ತಕ್ಷಣ ಜನ ಫೈರ್ ಇಂಜಿನ್, ದೋಣಿ, ಹಗ್ಗ ಅಂತ ಯೋಚಿಸುತ್ತಾರೆ, ಲೈಬ್ರರಿಯನ್‌ಗೆ ಅಲ್ಲೇನು ಕೆಲಸ ಅಂತ ನಗುತ್ತಾರೆ. ಆದರೆ ತಾತ ಕೇಳಿದ ಪ್ರಶ್ನೆ ನೋಡಿ. ಏನು ಎಲ್ಲಿದೆ, ಯಾರ ಹತ್ತಿರ ಇದೆ ಅನ್ನುವ ಪ್ರಶ್ನೆ ಅದು. ಆ ಪ್ರಶ್ನೆಗೆ ಉತ್ತರ ಇಟ್ಟುಕೊಂಡಿರುವುದೇ ನಮ್ಮ ಹೊಟ್ಟೆಪಾಡು, ಅಲ್ವಾ?

ಮೊದಲು ಒಂದು ಹಾಳೆ

40 ಪುಟ ಬೇಡ. ಒಂದು ಹಾಳೆ, ಎರಡೂ ಬದಿ, ದಪ್ಪ ಅಕ್ಷರ. ಕಸ ಗುಡಿಸುವ ಅಕ್ಕ, ರಾತ್ರಿ ಪಾಳಿಯ ಹುಡುಗ ಓದಿದರೂ ಅರ್ಥವಾಗುವ ಕನ್ನಡದಲ್ಲಿರಲಿ. ಈಗ ಬೆಂಗಳೂರಿನಲ್ಲಿ ಸೆಕ್ಯುರಿಟಿ ಕೆಲಸಕ್ಕೆ ಅಸ್ಸಾಂ, ಒಡಿಶಾ, ನೇಪಾಳದ ಕಡೆಯಿಂದ ಬಂದವರೂ ಇರುತ್ತಾರೆ, ಅವರಿಗೆ ಕನ್ನಡ ಓದಲು ಬರದಿದ್ದರೆ ಮೇನ್ ಸ್ವಿಚ್ಚಿನ ಫೋಟೋ, ವಾಲ್ವಿನ ಫೋಟೋ ಅಂಟಿಸಿ ಬಾಣದ ಗುರುತು ಹಾಕಿ.

ಮುಂದಿನ ಬದಿಯಲ್ಲಿ ಬೀಗದ ಕೈ ಯಾರ್ಯಾರ ಹತ್ತಿರ ಇದೆ, ಅವರ ಮನೆ ಎಷ್ಟು ದೂರ, ಮೇನ್ ಸ್ವಿಚ್ ಎಲ್ಲಿದೆ, ಮೇಲಿನ ಟ್ಯಾಂಕಿನ ವಾಲ್ವ್ ಎಲ್ಲಿದೆ, ನೀರು ಹೊರಗೆ ಹೋಗುವ ಜಾಲರಿ ಎಲ್ಲಿದೆ ಅನ್ನುವುದು. ಕೆಳಗೆ ಫೋನ್ ನಂಬರ್: ತುರ್ತಿಗೆ 112, ಬೆಂಕಿಗೆ 101, ಆಂಬುಲೆನ್ಸ್‌ಗೆ 108, ಕರೆಂಟ್‌ಗೆ ಬೆಸ್ಕಾಂ 1912, ನೀರು ಒಳಚರಂಡಿಗೆ ಜಲಮಂಡಳಿ 1916, ಪಾಲಿಕೆಯ ಸಹಾಯವಾಣಿ 1533, ಜಿಲ್ಲಾ ಕಂಟ್ರೋಲ್ ರೂಮ್ 1077. ಈ ನಂಬರ್ ಎಲ್ಲರಿಗೂ ಗೊತ್ತು ಅಂದುಕೊಳ್ಳಬೇಡಿ. ಮೊಣಕಾಲುದ್ದ ನೀರಿನಲ್ಲಿ ನಿಂತಾಗ ಸ್ವಂತ ಮನೆಯ ನಂಬರೂ ನೆನಪಿಗೆ ಬರುವುದಿಲ್ಲ.

ಒಂದು ಮಾತು ಮಾತ್ರ ಕೆಂಪು ಶಾಯಿಯಲ್ಲಿ ಬರೆಯಿರಿ: ಮೇನ್ ಸ್ವಿಚ್ ಇರುವ ಜಾಗದಲ್ಲೇ ನೀರು ನಿಂತಿದ್ದರೆ ಒಳಗೆ ಕಾಲಿಡಬೇಡಿ, 1912ಕ್ಕೆ ಫೋನ್ ಮಾಡಿ ಹೊರಗಿನಿಂದಲೇ ಲೈನ್ ತೆಗೆಸಿ. ಯಾವ ಪುಸ್ತಕಕ್ಕೂ ಯಾರೂ ಶಾಕ್ ಹೊಡೆಸಿಕೊಳ್ಳಬೇಕಾಗಿಲ್ಲ.

ಹಿಂದಿನ ಬದಿಯಲ್ಲಿ, ಮೊದಲು ಏನನ್ನು ಎತ್ತಬೇಕು ಅನ್ನುವ ಪಟ್ಟಿ. ಇಲ್ಲಿ ನಾವು ತಪ್ಪುವುದು ಜಾಸ್ತಿ. ದುಬಾರಿ ಪುಸ್ತಕ ಬೇರೆ, ಮತ್ತೆ ಸಿಗದ ಪುಸ್ತಕ ಬೇರೆ. ಕೆಎಎಸ್, ಪೊಲೀಸ್ ಪರೀಕ್ಷೆಯ ಗೈಡುಗಳಿಗೆ ನಮ್ಮಲ್ಲಿ ದಿನಾ ಜಗಳ ಆಗುತ್ತದೆ, ಆದರೆ ಅವು ಹೋದರೆ ಮಾರನೇ ದಿನ ಅವೆನ್ಯೂ ರೋಡಿನಲ್ಲಿ ಸಿಗುತ್ತವೆ. ಯಾರೋ ಹಿರಿಯರು ದಾನ ಕೊಟ್ಟ, ಅಂಚಿನಲ್ಲಿ ಅವರದೇ ಕೈಬರಹ ಇರುವ ಹಳೇ ಪುಸ್ತಕ ಸಿಗುವುದಿಲ್ಲ. ಬಡಾವಣೆ ಸಂಘದ ಹಳೇ ನಡಾವಳಿ ಪುಸ್ತಕ ಸಿಗುವುದಿಲ್ಲ. ಅಕ್ಸೆಷನ್ ರಿಜಿಸ್ಟರ್, ಅಂದರೆ ಲೈಬ್ರರಿಗೆ ಬಂದ ಪ್ರತಿ ಪುಸ್ತಕಕ್ಕೂ ಒಂದು ನಂಬರ್ ಕೊಟ್ಟು ಬರೆದಿಡುವ ದಾಖಲೆ, ಅಂತೂ ಎಲ್ಲಕ್ಕಿಂತ ಮೊದಲು. ಇವಿರುವ ಖಾನೆಗಳಿಗೆ ಕೆಂಪು ಟೇಪ್ ಅಂಟಿಸಿ, "ಕೆಂಪು ಟೇಪ್ ಇರುವುದನ್ನು ಮೊದಲು ಮಹಡಿಗೆ ಸಾಗಿಸಿ" ಅಂತ ಬರೆದರೆ ಮುಗಿಯಿತು.

ರಿಜಿಸ್ಟರಿನ ಪ್ರತಿ ಪುಟದ ಫೋಟೋ ತೆಗೆದಿಡಿ. ಇ-ಗ್ರಂಥಾಲಯ, ಕೋಹಾದಂಥ ಲೈಬ್ರರಿ ಸಾಫ್ಟ್‌ವೇರ್, ಬರೀ ಎಕ್ಸೆಲ್ ಹೀಗೆ ಯಾವುದರಲ್ಲೇ ಪಟ್ಟಿ ಇರಲಿ, ಅದರ ಒಂದು ಪ್ರತಿ ಕಟ್ಟಡದ ಹೊರಗಿರಲಿ. ಪಟ್ಟಿಯಿಂದ ಏನು ಲಾಭ ಅಂತೀರಾ? 2021ರ ಏಪ್ರಿಲ್‌ನಲ್ಲಿ ಮೈಸೂರಿನ ರಾಜೀವ್ ನಗರದಲ್ಲಿ ಕೂಲಿ ಮಾಡುವ ಒಬ್ಬರು ಕಟ್ಟಿ ಬೆಳೆಸಿದ್ದ ಲೈಬ್ರರಿ ಸುಟ್ಟುಹೋಯಿತು, ಸುಮಾರು 11,000 ಪುಸ್ತಕ. ಸುದ್ದಿ ತಿಳಿದು ದುಡ್ಡು, ಪುಸ್ತಕ ಕೊಡುತ್ತೇವೆ ಅಂತ ಎಲ್ಲೆಲ್ಲಿಂದಲೋ ಜನ ಮುಂದೆ ಬಂದರು. ನಮಗೂ ಹಾಗಾದರೆ, ಏನು ಬೇಕು ಅಂತ ಕೇಳಿದವರಿಗೆ ಹೇಳಲು ನಮ್ಮ ಹತ್ತಿರ ಏನಿತ್ತು ಅನ್ನುವುದಾದರೂ ಗೊತ್ತಿರಬೇಕು. ಇಲ್ಲದಿದ್ದರೆ ಒಂದೇ ನಿಘಂಟಿನ ಮೂವತ್ತು ಪ್ರತಿ ಬಂದು ಕೂರುತ್ತವೆ.

ಹಾಳೆ ಬರೆದು ಗೋಡೆಗೆ ಅಂಟಿಸಿದರೆ ಕೆಲಸ ಮುಗಿಯಲಿಲ್ಲ. ಒಂದು ಶನಿವಾರ ಮಧ್ಯಾಹ್ನ ಹಾಳೆಯನ್ನು ತಾತನ ಕೈಗೆ ಕೊಟ್ಟು, "ನೀರು ಬಂತು ಅಂದ್ಕೊಳ್ಳಿ, ಏನು ಮಾಡ್ತೀರಾ ತೋರಿಸಿ" ಅಂದೆ. ಅವರು ಸೀದಾ ಮೇನ್ ಸ್ವಿಚ್ ಹತ್ತಿರ ಹೋದರು. ಮೇನ್ ಸ್ವಿಚ್ ಕಾಣಿಸಲೇ ಇಲ್ಲ, ಅದರ ಮುಂದೆ ನಾವೇ ಪೇರಿಸಿಟ್ಟ ಹಳೇ ಪೇಪರ್ ಬಂಡಲ್ಲು ಎದೆಯೆತ್ತರಕ್ಕೆ ನಿಂತಿತ್ತು. 40 ಪುಟದ ಯೋಜನೆಯಲ್ಲಿ ಆ ಬಂಡಲ್ಲಿನ ಬಗ್ಗೆ ಒಂದು ಸಾಲೂ ಇರಲಿಲ್ಲ.

ನೀರು ಬಂದ ದಾರಿಯ ಪುಸ್ತಕ

ಬೆಂಗಳೂರಿನಲ್ಲಿ ದೊಡ್ಡ ನದಿ ಇಲ್ಲ, ಎತ್ತರದ ಊರು, ಇಲ್ಲಿಗೆ ಯಾವ ಪ್ರವಾಹ ಅಂತ ನಮ್ಮಪ್ಪ ಹೇಳುತ್ತಿದ್ದರು. ಆದರೆ ಇದು ಕೆರೆಗಳ ಊರು, ಒಂದು ಕೆರೆ ತುಂಬಿ ಮುಂದಿನ ಕೆರೆಗೆ ಹರಿಯುವ ಹಾಗೆ ಕಟ್ಟಿದ ಊರು. ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ. ಕಂಠೀರವ ಸ್ಟೇಡಿಯಂ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಕೆರೆ ಹೋದರೂ ಇಳಿಜಾರು ಹೋಗಲಿಲ್ಲ, ನೀರಿಗೆ ಹಳೇ ದಾರಿ ನೆನಪಿದೆ. 2022ರ ಸೆಪ್ಟೆಂಬರ್ ಮೊದಲ ವಾರ ಒಂದೇ ರಾತ್ರಿಗೆ ಸುಮಾರು 130 ಮಿಲಿಮೀಟರ್ ಸುರಿದಾಗ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಕಡೆ ಜನ ಟ್ರ್ಯಾಕ್ಟರ್ ಹತ್ತಿ ಆಫೀಸಿಗೆ ಹೋದದ್ದನ್ನು ಎಲ್ಲರೂ ನೋಡಿದ್ದೇವೆ. 2025ರ ಮೇ ತಿಂಗಳಲ್ಲಿ ಹೊರಮಾವು ಕಡೆಯ ಸಾಯಿ ಲೇಔಟ್ ಮತ್ತೆ ಮುಳುಗಿತು.

ಲೈಬ್ರರಿಯವರು ಮಾಡಬಹುದಾದ, ಬೇರೆ ಯಾರೂ ಮಾಡದ ಕೆಲಸ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ನಿಮ್ಮ ವಾರ್ಡಿನಲ್ಲಿ ನೀರು ಬಂದ ದಾರಿಯ ಬಗ್ಗೆ ಒಂದು ಪುಸ್ತಕ ಇಡಿ. ಬೇರೇನಿಲ್ಲ, ಒಂದು ಉದ್ದ ನೋಟ್‌ಬುಕ್. ಬೆಳಿಗ್ಗೆ ಪೇಪರ್ ಓದಲು ಬರುವ ಹಿರಿಯರು ಇರುತ್ತಾರಲ್ಲ, ಅವರನ್ನು ಕೇಳಿ: ಇಲ್ಲಿ ಮುಂಚೆ ಏನಿತ್ತು, ಕಾಲುವೆ ಯಾವ ಕಡೆಯಿಂದ ಬರುತ್ತಿತ್ತು, ಯಾವ ಮಳೆಗೆ ಯಾವ ಅಡ್ಡರಸ್ತೆಯಲ್ಲಿ ಎಷ್ಟು ನೀರು ನಿಂತಿತ್ತು. "ತುಂಬಾ ನೀರು" ಅಂದರೆ ಒಪ್ಪಿಕೊಳ್ಳಬೇಡಿ. ಹೊಸಿಲಿನವರೆಗಾ, ಸ್ಕೂಟರ್ ಸೀಟಿನವರೆಗಾ, ಸ್ವಿಚ್ ಬೋರ್ಡಿನವರೆಗಾ ಅಂತ ಕೇಳಿ. ಜನ ಎತ್ತರವನ್ನು ಅಡಿ ಲೆಕ್ಕದಲ್ಲಿ ಮರೆಯುತ್ತಾರೆ, ಸ್ಕೂಟರ್ ಸೀಟು ಮರೆಯುವುದಿಲ್ಲ. ಗೋಡೆ ಮೇಲೆ ಇನ್ನೂ ಕಲೆ ಇದ್ದರೆ ಅಳತೆ ಟೇಪ್ ಹಿಡಿದು ಅಳೆದು, ಫೋಟೋ ತೆಗೆದು, ತಾರೀಖು ಹಾಕಿ.

ಜೊತೆಗೆ ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾರಿಗೆ ಆಕ್ಸಿಜನ್ ಮಿಷನ್ ನಡೆಯಲು ಕರೆಂಟ್ ಬೇಕೇ ಬೇಕು, ಯಾವ ನೆಲಮಾಳಿಗೆಯಲ್ಲಿ ಜನ ಮಲಗುತ್ತಾರೆ ಅನ್ನುವುದೂ ನಿಧಾನಕ್ಕೆ ಗೊತ್ತಾಗುತ್ತದೆ. ಅದನ್ನು ಆ ನೋಟ್‌ಬುಕ್ಕಿನಲ್ಲಿ ಬರೆಯಬೇಡಿ, ಬೇರೆ ಇಡಿ, ಅವರನ್ನು ಕೇಳಿಯೇ ಇಡಿ. ಎಲ್ಲರ ಕೈಗೆ ಸಿಗುವ ಪುಸ್ತಕದಲ್ಲಿ ಒಂಟಿ ಅಜ್ಜಿಯ ಮನೆ ವಿಳಾಸ ಇರಬಾರದು.

ಮಳೆಯ ಮುನ್ಸೂಚನೆಗೆ ಯಲಹಂಕದಲ್ಲಿರುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದವರ "ಬೆಂಗಳೂರು ಮೇಘ ಸಂದೇಶ" ಆ್ಯಪ್ ಇದೆ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಯಲ್ಲಿ 64.5 ಮಿ.ಮೀ. ಆದರೆ ಭಾರಿ ಮಳೆ, 115.6 ಮುಟ್ಟಿದರೆ ಅತಿ ಭಾರಿ. ಈ ಎರಡು ಅಂಕಿಯನ್ನು ಬೋರ್ಡಿನಲ್ಲಿ ಬರೆದಿಟ್ಟರೆ ಜನರಿಗೆ ಸುದ್ದಿಯಲ್ಲಿ ಬರುವ ಲೆಕ್ಕ ಅರ್ಥವಾಗುತ್ತದೆ. ಆದರೆ ಇಲ್ಲಿ ಒಂದು ಬಡಾವಣೆಗೆ ಹೊಡೆದ ಮಳೆ ಇನ್ನೊಂದಕ್ಕೆ ಹನಿಯೂ ಬೀಳದೆ ಹೋಗುವುದುಂಟು, ಅದಕ್ಕೇ ನಿಮ್ಮ ಬೀದಿಯ ನೋಟ್‌ಬುಕ್ಕಿಗೆ ಅಷ್ಟು ಬೆಲೆ.

ಸುದ್ದಿಗೆ ತಾರೀಖು ಹಾಕಿ

2012ರ ಆಗಸ್ಟ್ ಮಧ್ಯದಲ್ಲಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಸಿಟಿ ರೈಲ್ವೆ ಸ್ಟೇಷನ್ನಿಗೆ ಓಡಿದ್ದು ನಿಮಗೆ ನೆನಪಿರಬಹುದು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಮಳೆ ಇರಲಿಲ್ಲ, ಬೆಂಕಿ ಇರಲಿಲ್ಲ. ಹಲ್ಲೆ ಆಗುತ್ತದೆ ಅನ್ನುವ ಗಾಳಿಸುದ್ದಿ ಫೋನಿಂದ ಫೋನಿಗೆ ಹರಿದಿತ್ತು ಅಷ್ಟೇ. ಕೊನೆಗೆ ದಿನಕ್ಕೆ ಐದೇ ಎಸ್‌ಎಂಎಸ್ ಅಂತ ಸರ್ಕಾರ ಕಟ್ಟು ಹಾಕಿತು. ಗಾಳಿಸುದ್ದಿಯೇ ಒಂದು ಅನಾಹುತ ಅಂತ ಈ ಊರಿಗೆ ಗೊತ್ತಾಗಿದ್ದು ಆಗ.

ಆಮೇಲೆ 2021ರ ಏಪ್ರಿಲ್, ಮೇ. ಆಕ್ಸಿಜನ್ ಎಲ್ಲಿ ಸಿಗುತ್ತದೆ, ಬೆಡ್ ಎಲ್ಲಿದೆ ಅನ್ನುವ ಪಟ್ಟಿಗಳು ವಾಟ್ಸಾಪಿನಲ್ಲಿ ಹರಿದಾಡುತ್ತಿದ್ದವು. ನಾನೂ ಒಬ್ಬರಿಗೋಸ್ಕರ ಒಂದು ಪಟ್ಟಿ ಹಿಡಿದು ರಾತ್ರಿಯೆಲ್ಲ ಫೋನ್ ಮಾಡಿದ್ದೆ. ನಂಬರ್ ಸರಿಯಾಗೇ ಇತ್ತು, ಆದರೆ ಪಟ್ಟಿ ನಾಲ್ಕು ದಿನ ಹಳೆಯದು, ಎಲ್ಲಾ ಕಡೆ ಖಾಲಿಯಾಗಿತ್ತು. ಆ ಪಟ್ಟಿಯಲ್ಲಿ ತಾರೀಖೇ ಇರಲಿಲ್ಲ. ಆಗ ಬೆಂಗಳೂರಿನ ಕಾಲೇಜು ಹುಡುಗ ಹುಡುಗಿಯರು ಗುಂಪು ಕಟ್ಟಿಕೊಂಡು ಪ್ರತಿ ನಂಬರಿಗೂ ಫೋನ್ ಮಾಡಿ, ಇಷ್ಟು ಗಂಟೆಗೆ ಕೇಳಿದ್ದೇವೆ, ಸಿಲಿಂಡರ್ ಇದೆ ಅಂತ ಬರೆಯಲು ಶುರು ಮಾಡಿದರು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಆದರೆ ಅವರು ಮಾಡಿದ್ದು ಶುದ್ಧ ಲೈಬ್ರರಿ ಕೆಲಸ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರ ಕೊಟ್ಟ, ಬೆಂಗಳೂರಿನಲ್ಲೇ ಕೊನೆಗಾಲ ಕಳೆದ ಎಸ್. ಆರ್. ರಂಗನಾಥನ್ ಅವರ ನಾಲ್ಕನೇ ಸೂತ್ರ ಇದೆಯಲ್ಲ, ಓದುಗರ ಸಮಯ ಉಳಿಸಿ ಅಂತ, ಅದನ್ನು ಪರೀಕ್ಷೆಗೆ ಉರು ಹೊಡೆದವರು ನಾವು. ಮಾಡಿ ತೋರಿಸಿದವರು ಆ ಮಕ್ಕಳು.

ಹಾಗಾಗಿ ಅನಾಹುತದ ದಿನ ಲೈಬ್ರರಿಯ ಬೋರ್ಡೇ ನಿಮ್ಮ ಸುದ್ದಿ ಮೇಜು. ಬಾಗಿಲ ಹೊರಗೆ, ಬಿಳಿ ಬೋರ್ಡಿನಲ್ಲಿ, ಮಾರ್ಕರ್ ಪೆನ್ನಿನಲ್ಲಿ. ಬರೆಯುವ ರೀತಿ ಹೀಗಿರಲಿ:

"ಮಂಗಳವಾರ ಬೆಳಿಗ್ಗೆ 10.40. ರೈಲ್ವೆ ಅಂಡರ್‌ಪಾಸ್ ಬಂದ್. ಟ್ರಾಫಿಕ್ ಪೊಲೀಸರನ್ನು ನಾವೇ ಕೇಳಿದ್ದು. ಮಧ್ಯಾಹ್ನ 1ಕ್ಕೆ ಮತ್ತೆ ಕೇಳಿ ಬರೆಯುತ್ತೇವೆ."

ಯಾವಾಗಿನ ಸುದ್ದಿ, ಯಾರು ಹೇಳಿದ್ದು, ಮುಂದೆ ಯಾವಾಗ ನೋಡಬೇಕು. ಇಷ್ಟಿಲ್ಲದಿದ್ದರೆ ಬರೆಯಬೇಡಿ, ಎಷ್ಟೇ ಉಪಯೋಗದ ಸುದ್ದಿ ಅನ್ನಿಸಿದರೂ. ಮತ್ತೆ ಕೇಳುತ್ತೇವೆ ಅಂದ ಹೊತ್ತು ದಾಟಿದ ಸುದ್ದಿಯನ್ನು ಒರೆಸಲು ಒಬ್ಬರನ್ನು ನೇಮಿಸಿ, ಬರೆಯುವವರು ಯಾವಾಗಲೂ ಸಿಗುತ್ತಾರೆ, ಒರೆಸುವವರು ಸಿಗುವುದಿಲ್ಲ. ಕನ್ನಡದ ಕೆಳಗೆ ಹಿಂದಿ, ತಮಿಳು, ತೆಲುಗು, ಉರ್ದು ಹೀಗೆ ನಿಮ್ಮ ಬೀದಿಯಲ್ಲಿ ಯಾರಿದ್ದಾರೋ ಅವರ ಭಾಷೆಯಲ್ಲೂ ಒಂದು ಸಾಲು. ಕಟ್ಟಡ ಕೆಲಸದ ಶೆಡ್ಡುಗಳು ತಗ್ಗಿನಲ್ಲೇ ಇರುತ್ತವೆ, ಎಚ್ಚರಿಕೆ ಮೊದಲು ತಲುಪಬೇಕಾದ್ದು ಅಲ್ಲಿಗೆ, ತಲುಪುವುದು ಕೊನೆಗೆ.

ಯಾರಾದರೂ ಬಂದು "ಕೆರೆ ಕಟ್ಟೆ ಒಡೆದಿದೆಯಂತೆ" ಅಂದರೆ ಅವರನ್ನು ಬೈಯಬೇಡಿ. "ಯಾರು ಹೇಳಿದ್ದು, ಅವರು ಕಣ್ಣಾರೆ ನೋಡಿದ್ರಾ?" ಅಂತ ಕೇಳಿ, ಅವರ ಎದುರಿಗೇ 112ಕ್ಕೋ ಕಂಟ್ರೋಲ್ ರೂಮಿಗೋ ಫೋನ್ ಮಾಡಿ.

ಒದ್ದೆ ಪುಸ್ತಕ: ಗಡಿಯಾರ ಓಡುತ್ತಿರುತ್ತದೆ

ಜನರ ಕೆಲಸ ಆದ ಮೇಲೆ ಪುಸ್ತಕ. ಇಲ್ಲಿ ನಾವು ಆ ರಾತ್ರಿ ಮಾಡಿದ್ದು ಮುಕ್ಕಾಲು ಪಾಲು ತಪ್ಪು, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಒಳಗೆ ಹೋಗುವವರಿಗೆ ಗಂಬೂಟ್, ರಬ್ಬರ್ ಕೈಗವಸು, ಎನ್95 ಮಾಸ್ಕ್ ಬೇಕು. ರಾಜಕಾಲುವೆಯ ನೀರು ಬರೀ ಮಳೆ ನೀರಲ್ಲ, ಕಕ್ಕಸಿನ ನೀರೂ ಸೇರಿರುತ್ತದೆ, ಇಲಿಜ್ವರ ಬರಬಹುದು. ಕಾಲಿನಲ್ಲಿ ಗಾಯ ಇದ್ದವರು ಹೊರಗೆ ಕೂತು ಪಟ್ಟಿ ಬರೆಯಲಿ. ಏನನ್ನೂ ಮುಟ್ಟುವ ಮುಂಚೆ ಫೋಟೋ ತೆಗೆಯಿರಿ, ಮುಂದೆ ಆಡಿಟ್ಟಿಗೆ ಬೇಕೇ ಬೇಕು.

ನೀರು ತಾಗಿ ಎರಡು ಮೂರು ದಿನದಲ್ಲಿ ಬೂಷ್ಟು ಶುರುವಾಗುತ್ತದೆ. ಸೆಕೆ ಇದ್ದು ಕಿಟಕಿ ಮುಚ್ಚಿದ್ದರೆ ಇನ್ನೂ ಬೇಗ. ಆದ್ದರಿಂದ ಮೊದಲು ನೀರು ಹೊರಗೆ ಹಾಕಿ, ಕಿಟಕಿ ತೆರೆದು ಗಾಳಿ ಆಡಿಸಿ, ಆಮೇಲೆ ಪುಸ್ತಕ. ಬಿಗಿಯಾಗಿ ತುಂಬಿದ ಕಪಾಟಿನಲ್ಲಿ ಪುಸ್ತಕ ನೀರು ಕುಡಿದು ಉಬ್ಬಿ ಒಂದಕ್ಕೊಂದು ಕಚ್ಚಿಕೊಂಡಿರುತ್ತದೆ, ಕೆಲವು ಸಲ ಕಪಾಟನ್ನೇ ಬಾಗಿಸುತ್ತದೆ. ಬೆನ್ನಿನ ಮೇಲ್ತುದಿ ಹಿಡಿದು ಎಳೆದರೆ ರಟ್ಟು ಕೈಗೆ ಬರುತ್ತದೆ, ನಮಗೆ ಬಂತು. ಪಕ್ಕದ ಪುಸ್ತಕಗಳನ್ನು ಒಳಕ್ಕೆ ತಳ್ಳಿ, ಬೇಕಾದ್ದನ್ನು ಎರಡೂ ಬದಿಯಿಂದ ಹಿಡಿದು ತೆಗೆಯಿರಿ. ತೆರೆಯಬೇಡಿ. ಒದ್ದೆ ಹಾಳೆ ಬಿಡಿಸಬೇಡಿ.

ಸಾಗಿಸಲು ಟೊಮೆಟೊ ಕ್ರೇಟ್‌ಗಿಂತ ಒಳ್ಳೆಯದು ಇನ್ನೊಂದಿಲ್ಲ. ಪ್ಲಾಸ್ಟಿಕ್, ತೂತಿರುತ್ತದೆ, ನೀರು ಸೋರುತ್ತದೆ, ಒಂದರ ಮೇಲೊಂದು ಕೂರುತ್ತದೆ. ತರಕಾರಿ ಅಂಗಡಿಯವರ ಹತ್ತಿರ ಹತ್ತು ಹದಿನೈದು ಕೇಳಿಟ್ಟುಕೊಳ್ಳಿ. ಪುಸ್ತಕದ ಬೆನ್ನು ಕೆಳಗಾಗಿ, ಒಂದೇ ಸಾಲು, ಅರ್ಧ ಸಡಿಲವಾಗಿ. ರಟ್ಟಿನ ಪೆಟ್ಟಿಗೆ ಬೇಡ, ತಳ ಕಳಚಿ ಬೀಳುತ್ತದೆ.

ಆಮೇಲೆ ವಿಂಗಡಣೆ. ಮತ್ತೆ ಕೊಳ್ಳಬಹುದಾದ್ದು, ಅದರಲ್ಲೂ ಮೋರಿ ನೀರು ಕುಡಿದದ್ದು, ಹೋಗಲಿ ಬಿಡಿ. ಮನಸ್ಸಿಗೆ ಕಷ್ಟ ಆಗುತ್ತದೆ, ಆದರೂ ಬಿಡಿ. ಅಕ್ಸೆಷನ್ ನಂಬರ್ ಮಾತ್ರ ಬರೆದುಕೊಂಡು ಹೊರಗೆ ಬೇರೆಯಾಗಿ ಇಡಿ, ರದ್ದತಿಯ ಒಪ್ಪಿಗೆ ಸಿಗುವ ತನಕ ಎಸೆಯಬೇಡಿ. ಅಂಚು ಮಾತ್ರ ಒದ್ದೆಯಾದವನ್ನು ಬೀಸಣಿಗೆಯ ಹಾಗೆ ಸ್ವಲ್ಪ ಬಿಡಿಸಿ ಮೇಜಿನ ಮೇಲೆ ನಿಲ್ಲಿಸಿ. ಫ್ಯಾನ್ ಗಾಳಿ ಕೋಣೆಯಲ್ಲಿ ಆಡಬೇಕು, ನೇರ ಪುಸ್ತಕದ ಮುಖಕ್ಕೆ ಹೊಡೆಯಬಾರದು.

ಪೂರ್ತಿ ನೆನೆದ ಆದರೆ ಬೇಕೇ ಬೇಕಾದ ಪುಸ್ತಕವನ್ನು ಮೊದಲು ಅಂಗಾತ ಮಲಗಿಸಿ. ಹಾಳೆ ತಡೆದುಕೊಳ್ಳುವ ಹಾಗಿದ್ದರೆ ಸುಮಾರು ಇಪ್ಪತ್ತು ಹಾಳೆಗೊಂದರಂತೆ ಬಿಳಿ ಟಿಶ್ಯೂ ಅಥವಾ ಪ್ರೆಸ್ಸಿನವರ ಹತ್ತಿರ ಸಿಗುವ ಅಚ್ಚಾಗದ ಕಾಗದ ಇಟ್ಟು, ಅದು ನೀರು ಹೀರಿದಂತೆ ಬದಲಾಯಿಸುತ್ತಾ ಇರಿ. ಒಟ್ಟಿಗೆ ಜಾಸ್ತಿ ತುರುಕಿದರೆ ಬೆನ್ನು ಒಡೆಯುತ್ತದೆ. ಹಳೇ ನ್ಯೂಸ್‌ಪೇಪರ್ ಇಡಬೇಡಿ, ಅದರ ಶಾಯಿ ಇಳಿಯುತ್ತದೆ. ನಮ್ಮಲ್ಲಿ ಒಂದು ಕವನ ಸಂಕಲನದ ಮೇಲೆ ಇವತ್ತಿಗೂ ಉಲ್ಟಾ ಅಕ್ಷರದಲ್ಲಿ ಚಿನ್ನದ ರೇಟ್ ಇದೆ.

ಇನ್ನೊಂದು ತಪ್ಪು, ಬಿಸಿಲು. ಬೆಳಿಗ್ಗೆ ಬಿಸಿಲು ಬಂತು ಅಂತ ಖುಷಿಯಾಗಿ ಅರ್ಧ ಪುಸ್ತಕಗಳನ್ನು ಹಪ್ಪಳ ಒಣಗಿಸಿದ ಹಾಗೆ ತಾರಸಿ ಮೇಲೆ ಹರಡಿದೆವು. ಸಂಜೆಗೆ ಅವೂ ಹಪ್ಪಳದ ಹಾಗೇ ಸೊಟ್ಟಗಾಗಿದ್ದವು. ನೆರಳು, ಗಾಳಿ, ತಾಳ್ಮೆ. ಹೇರ್ ಡ್ರೈಯರ್, ಇಸ್ತ್ರಿ ಪೆಟ್ಟಿಗೆ ಹತ್ತಿರವೂ ತರಬೇಡಿ.

ನುಣುಪು ಹಾಳೆಯ ಪುಸ್ತಕಗಳು, ಅಂದರೆ ಮಕ್ಕಳ ಚಿತ್ರಪುಸ್ತಕ, ಕಲೆಯ ಪುಸ್ತಕ, ಮ್ಯಾಗಜಿನ್, ಒಣಗಿದರೆ ಇಟ್ಟಿಗೆಯಾಗುತ್ತವೆ, ಆಮೇಲೆ ಏನು ಮಾಡಿದರೂ ಬಿಡುವುದಿಲ್ಲ. ಅವು ಒದ್ದೆ ಇದ್ದಾಗಲೇ ಹಾಳೆ ಹಾಳೆಗೂ ನಡುವೆ ಬಟರ್ ಪೇಪರ್ ಇಡಬೇಕು, ಇಲ್ಲವೇ ಫ್ರೀಜರಿಗೆ ಹಾಕಬೇಕು.

ಹೌದು, ಫ್ರೀಜರ್. ಕೇಳಿದರೆ ನಗು ಬರುತ್ತದೆ, ಆದರೆ ಒದ್ದೆ ಪುಸ್ತಕಕ್ಕೆ ಸಮಯ ಕೊಡಿಸುವುದು ಅದೊಂದೇ. ಹೆಪ್ಪುಗಟ್ಟಿದರೆ ಬೂಷ್ಟು ಬೆಳೆಯುವುದಿಲ್ಲ, ಶಾಯಿ ಹರಡುವುದಿಲ್ಲ. ಬಟರ್ ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ನಂಬರ್ ಬರೆದು ಇಟ್ಟರೆ ವಾರಗಟ್ಟಲೆ ಹಾಗೇ ಇರುತ್ತದೆ, ಬಿಡುವಾದಾಗ ಎರಡೆರಡು ತೆಗೆದು ಒಣಗಿಸಬಹುದು. ನಾನು ಕ್ಯಾಂಟೀನಿನವರನ್ನು ಮುಂಚೆಯೇ ಕೇಳಿಟ್ಟಿದ್ದೇನೆ. ಕೇಳಿದಾಗ ಅವರು "ಬಟಾಣಿ ಪಕ್ಕ ಪುಸ್ತಕಾನಾ ಮೇಡಮ್?" ಅಂದರು. ಅವರ ಮಾತಿನಲ್ಲಿ ನ್ಯಾಯ ಇದೆ: ಪೈಪ್ ಒಡೆದೋ ತಾರಸಿ ಸೋರಿಯೋ ಒಳ್ಳೇ ನೀರಿನಲ್ಲಿ ನೆನೆದದ್ದನ್ನು ಮಾತ್ರ ಅಲ್ಲಿ ಇಡಬಹುದು. ಮೋರಿ ನೀರಿನಲ್ಲಿ ನೆನೆದದ್ದು ಊಟದ ಫ್ರೀಜರಿಗೆ ಹೋಗಲೇಬಾರದು.

ತಾಳೆಗರಿ, ಕೈಬರಹದ ಕಡತ, ಹಳೇ ಫೋಟೋ ಇವುಗಳ ಮೇಲೆ ನಮ್ಮ ಪ್ರಯೋಗ ಬೇಡ. ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್‌ನಂಥ ಸಂಸ್ಥೆಗಳಲ್ಲಿ ಇದಕ್ಕೇ ತರಬೇತಿ ಪಡೆದವರಿದ್ದಾರೆ, ಅವರ ನಂಬರ್ ಮಳೆಗಾಲಕ್ಕೆ ಮುಂಚೆ ಹುಡುಕಿ ಹಾಳೆಯಲ್ಲಿ ಬರೆದಿಡಿ. 1966ರಲ್ಲಿ ಇಟಲಿಯ ಫ್ಲಾರೆನ್ಸಿನಲ್ಲಿ ಹೊಳೆ ಉಕ್ಕಿ ರಾಷ್ಟ್ರೀಯ ಗ್ರಂಥಾಲಯಕ್ಕೆ ಕೆಸರು ನುಗ್ಗಿದಾಗ ದೇಶ ವಿದೇಶದ ಹುಡುಗರು ಸಾಲಾಗಿ ನಿಂತು ಪುಸ್ತಕ ಹೊರಗೆ ದಾಟಿಸಿದ್ದರು. ಒದ್ದೆ ಪುಸ್ತಕದ ಬಗ್ಗೆ ಜಗತ್ತಿಗೆ ಇವತ್ತು ಗೊತ್ತಿರುವುದರಲ್ಲಿ ಎಷ್ಟೋ ಅಲ್ಲಿ ಕೈ ಕೆಸರು ಮಾಡಿಕೊಂಡೇ ಕಲಿತದ್ದು.

ಇಷ್ಟೆಲ್ಲ ತಪ್ಪಿಸಲು ಸುಲಭದ ದಾರಿ ಒಂದಿದೆ. ಕೆಳಗಿನ ಖಾನೆ ನೆಲದಿಂದ ಅರ್ಧ ಅಡಿಯಾದರೂ ಮೇಲಿರಲಿ, ನೆಲಮಾಳಿಗೆಯಲ್ಲಿ ಅಪರೂಪದ್ದು ಏನೂ ಇರದಿರಲಿ.

ಬೆಂಕಿಯ ಬಗ್ಗೆ ಎರಡೇ ಮಾತು

2010ರ ಫೆಬ್ರವರಿ 23ರಂದು ಹಳೇ ಏರ್‌ಪೋರ್ಟ್ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಹೊಗೆಯಲ್ಲಿ ಸಿಕ್ಕಿಕೊಂಡು, ಮೇಲಿಂದ ಹಾರಿ 9 ಜನ ಪ್ರಾಣ ಬಿಟ್ಟರು. ಪುಸ್ತಕ ಕದಿಯುತ್ತಾರೆ ಅಂತ ಹಿಂದಿನ ಬಾಗಿಲಿಗೆ ಬೀಗ ಹಾಕುವ ಚಟ ನಮ್ಮ ಲೈಬ್ರರಿಗಳಿಗೆ ಇದೆ. ಓದುಗರು ಒಳಗಿರುವಷ್ಟು ಹೊತ್ತು ಆ ಬೀಗ ತೆರೆದಿರಬೇಕು, ಪುಸ್ತಕ ಹೋದರೆ ಹೋಗಲಿ. ಬೆಂಕಿ ಆರಿಸುವ ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ ಅಂತ ತಿಂಗಳಿಗೊಮ್ಮೆ ನೋಡಿ, ಅದರ ಮೇಲೆ ಕೊಡೆ ನೇತುಹಾಕುವುದನ್ನು ನಿಲ್ಲಿಸಿ.

ಬಾಗಿಲು ತೆರೆದಿಡುವುದು, ಕಾಗದ ಹುಡುಕಿಕೊಡುವುದು

ನಿಮ್ಮ ಕಟ್ಟಡ ಒಣಗಿದ್ದು, ಗಟ್ಟಿಯಾಗಿದ್ದರೆ ಮಾತ್ರ ಈ ಮಾತು. ಸುತ್ತ ಕರೆಂಟ್ ಇಲ್ಲದಾಗ ಒಂದು ಯುಪಿಎಸ್, ನಾಲ್ಕು ಎಕ್ಸ್‌ಟೆನ್ಶನ್ ಬೋರ್ಡ್, ಕುಡಿಯುವ ನೀರು, ಬೀಗ ಹಾಕದ ಶೌಚಾಲಯ, ಮಕ್ಕಳಿಗೆ ಒಂದು ಮೂಲೆ, ಇಷ್ಟು ಸಾಕು. ಹತ್ತು ವರ್ಷದ ಮಗುವಿಗೆ ಅವತ್ತು ಬೇಕಾದ್ದು ಕಥೆ ಪುಸ್ತಕ, ಅವರಮ್ಮನಿಗೆ ಬೇಕಾದ್ದು ಚಾರ್ಜರ್. ಮಳೆಗೆ ಮಾತ್ರ ಅಲ್ಲ, 2024ರ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಪರದಾಡಿದೆವಲ್ಲ, ಆಗ ಯಾವ ಬೀದಿಗೆ ಎಷ್ಟು ಗಂಟೆಗೆ ನೀರು ಬರುತ್ತದೆ ಅಂತ ಬೋರ್ಡಿನಲ್ಲಿ ಬರೆದಿದ್ದರೂ ಜನ ಕೈ ಮುಗಿಯುತ್ತಿದ್ದರು. ನಾವು ಬರೆಯಲಿಲ್ಲ. ಹೊಳೆಯಲೇ ಇಲ್ಲ.

ನೀರು ಇಳಿದ ಮೇಲೆ ಶುರುವಾಗುವುದು ಕಾಗದದ ಕಷ್ಟ. ಟ್ರಂಕಿನಲ್ಲಿದ್ದ ಆಧಾರ್, ರೇಷನ್ ಕಾರ್ಡ್, ಮಗಳ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಮನೆ ಪತ್ರ ಎಲ್ಲ ಮುದ್ದೆಯಾಗಿರುತ್ತದೆ. 2005ರಲ್ಲಿ ಅಮೆರಿಕದಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಪರಿಹಾರದ ಅರ್ಜಿ ತುಂಬಲು, ಕಾಣೆಯಾದ ನೆಂಟರನ್ನು ಹುಡುಕಲು ಜನ ಹುಡುಕಿಕೊಂಡು ಹೋದದ್ದು ಲೈಬ್ರರಿ ಕಂಪ್ಯೂಟರುಗಳನ್ನು. ಇಲ್ಲೂ ಅದೇ ಕೆಲಸ. ಯಾವ ಕಾಗದ ಹೋದರೆ ಎಲ್ಲಿಗೆ ಹೋಗಬೇಕು ಅಂತ ಒಂದು ಪಟ್ಟಿ ಮುಂಚೆಯೇ ಮಾಡಿಡಿ: ಅಂಕಪಟ್ಟಿಗೆ ಓದಿದ ಶಾಲೆಯ ಮೂಲಕ ಬೋರ್ಡಿಗೆ, ಮನೆ ಪತ್ರದ ದೃಢೀಕೃತ ನಕಲಿಗೆ ಸಬ್ ರಿಜಿಸ್ಟ್ರಾರ್ ಕಚೇರಿಗೆ, ಜಾತಿ ಆದಾಯ ಪತ್ರಕ್ಕೆ ನಾಡಕಚೇರಿಗೆ, ಕಳೆದುಹೋದದ್ದರ ದೂರಿಗೆ ಪೊಲೀಸರ ಇ-ಲಾಸ್ಟ್ ಅನ್ನುವ ಆನ್‌ಲೈನ್ ಸೇವೆಗೆ. ಬೇಸಿಗೆಯಲ್ಲೇ ಎರಡು ಭಾನುವಾರ ಕೂರಿಸಿಕೊಂಡು ಡಿಜಿಲಾಕರ್ ಖಾತೆ ಮಾಡಿಕೊಟ್ಟರೆ ಅರ್ಧ ತಲೆನೋವು ಬರುವುದೇ ಇಲ್ಲ. ಪರಿಹಾರದ ಮಹಜರಿಗೆ ಬರುವವರಿಗೆ ತೋರಿಸಲು, ಮನೆ ತೊಳೆಯುವ ಮುಂಚೆ ಗೋಡೆಯ ನೀರಿನ ಗುರುತಿನ ಫೋಟೋ ತೆಗೆಯಲು ಹೇಳಿ, ಪಾಪ ಎಲ್ಲರೂ ಮೊದಲು ಮಾಡುವುದೇ ತೊಳೆಯುವುದನ್ನು.

ಬೇರೆಯವರ ಆಧಾರ್ ಫೋಟೋ ನಿಮ್ಮ ಫೋನಿನಲ್ಲಿ ಉಳಿಯಬಾರದು, ಓಟಿಪಿ ಅವರ ಕೈಯಲ್ಲೇ ಹೊಡೆಸಿ, ಲಾಗ್ ಔಟ್ ಮಾಡಿಸಿ ಕಳಿಸಿ. ಸಹಾಯ ಮಾಡುವ ಹೆಸರಲ್ಲಿ ಮೋಸ ಮಾಡುವವರು ನೀರಿನ ಹಿಂದೆಯೇ ಬರುತ್ತಾರೆ, ನಾವು ಅವರ ಹಾಗೆ ಕಾಣಿಸಬಾರದು.

ಕೊನೆಗೆ, ಇದನ್ನೆಲ್ಲ ಒಬ್ಬರೇ ಮಾಡಬೇಡಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಪ್ರಕಾರ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಜಿಲ್ಲಾ ಪ್ರಾಧಿಕಾರ ಇರುತ್ತದೆ. ಅಲ್ಲಿಗೂ ಪಾಲಿಕೆಯ ವಾರ್ಡ್ ಎಂಜಿನಿಯರಿಗೂ ಒಂದು ಪುಟದ ಪತ್ರ ಕೊಡಿ: ನಮ್ಮಲ್ಲಿ ಇಷ್ಟು ಜನ ಕೂರುವ ಕೋಣೆ ಇದೆ, ಇಷ್ಟು ಪ್ಲಗ್, ಇಷ್ಟು ಶೌಚಾಲಯ, ರಾತ್ರಿ ತೆರೆಯಲು ಇವರಿಗೆ ಫೋನ್ ಮಾಡಿ. ಉತ್ತರ ಬರುತ್ತದೆ ಅಂತ ಕಾಯಬೇಡಿ, ಸೀಲ್ ಹೊಡೆಸಿದ ನಕಲು ಇಟ್ಟುಕೊಳ್ಳಿ. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆ ಬಂದಿವೆ, ಹಳೇ ಎಂಜಿನಿಯರ್ ನಂಬರ್ ಇರುವ ಪಟ್ಟಿ ಗೋಡೆ ಮೇಲಿದ್ದರೆ ಇವತ್ತೇ ಕಿತ್ತುಹಾಕಿ. ಗಂಬೂಟ್, ಟಾರ್ಪಾಲಿಗೆ ದುಡ್ಡು ಕೇಳಲು ನಾಚಿಕೆ ಬೇಡ, ಜನ ಕಟ್ಟುವ ಆಸ್ತಿ ತೆರಿಗೆಯಲ್ಲಿ ಶೇ 6 ಗ್ರಂಥಾಲಯ ಕರ ಸೇರಿರುತ್ತದೆ.

ಹಾಳೆಯನ್ನು ವರ್ಷಕ್ಕೆ ಎರಡು ಸಲ ತಿದ್ದಿ, ಏಪ್ರಿಲ್‌ನಲ್ಲಿ ಒಮ್ಮೆ, ಆಗಸ್ಟ್ ಕೊನೆಗೆ ಒಮ್ಮೆ. ಈ ಸಲ ತಿದ್ದುವಾಗ ನಮ್ಮಲ್ಲಿ ಬದಲಾದದ್ದು ಒಂದೇ ಸಾಲು. ನಾಲ್ಕನೇ ಬೀಗದ ಕೈ ಈಗ ಎದುರಿನ ಬೇಕರಿಯವರ ಗಲ್ಲಾಪೆಟ್ಟಿಗೆಯಲ್ಲಿದೆ, ಅಂಟು ಹಾಕಿ ಸಹಿ ಮಾಡಿದ ಕವರಿನಲ್ಲಿ. ಅವರ ಮನೆ ಅಂಗಡಿಯ ಮೇಲೇ ಇದೆ, ಮತ್ತೆ ಅವರು ಯಾವ ಮದುವೆಗೂ ಹೋಗುವುದಿಲ್ಲವಂತೆ.